ಉಡಿಗಾಲದ ಮೇಡಂ, ಭೀಮನಬೀಡಿನ ಬಟಾಣಿ

ಭೀಮನಬೀಡಿನ ವಿಜ್ಞಾನ ಮೇಷ್ಟ್ರು ಶಿವಮಲ್ಲು, ಆನ್‌ಲೈನ್ ಲ್ಯಾಬಿನಲ್ಲಿ ಕುಳ್ಳ ಬಟಾಣಿ ಗಿಡಕ್ಕೆ ಎತ್ತರದ ಗಿಡದ ಪರಾಗ ಹಾಕುವ ಮುನ್ನ ಕುಳ್ಳನ ಕೇಸರ ಕತ್ತರಿಸುವುದನ್ನೇ ಮರೆತರು. ಅದು ತನ್ನ ಪರಾಗವನ್ನೇ ತಾನು ಹಾಕಿಕೊಂಡು ಪರದೆ ತುಂಬ ಕುಳ್ಳರನ್ನೇ ಹೆತ್ತಿತು. ಅದೊಂದು ದಿನ ಆನ್‌ಲೈನಿನಲ್ಲಿ ಜೊತೆಗೂಡಿದ್ದ ಉಡಿಗಾಲ ಶಾಲೆಯ ಮಕ್ಕಳು ಆ ಕಡೆಯಿಂದ ಗೊಳ್ಳೆಂದು ನಕ್ಕರು. ಅವರ ಟೀಚರ್ ಬಿಂದುಶ್ರೀ ಮೌಸ್ ಹಿಡಿದರು ನೋಡಿ, ಎಲ್ಲವೂ ಎತ್ತರದ ಗಿಡಗಳೇ!

"ಆ ಮಿಸ್ಸೇ ನಮ್ಗೂ ಪಾಠ ಮಾಡ್ಬುಡ್ಲಿ ಸಾ," ಎಂದ ಮೇಷ್ಟ್ರ ಶಿಷ್ಯನೊಬ್ಬ.

ಅಂದಿನಿಂದ ಮೇಷ್ಟ್ರಲ್ಲಿ ಹೊಟ್ಟೆಕಿಚ್ಚೇ ಪ್ರಬಲ ಗುಣ. ತಂತಮ್ಮ ಶಾಲೆಯ ಲ್ಯಾಬಿನ ದಿನ ಇಲ್ಲಿ ಅರ್ಧ ಬೆಂಚು ಖಾಲಿ, ಅಲ್ಲಿ ಕಾಲಿಡಲು ಜಾಗವಿಲ್ಲ. ಗುಂಡ್ಲುಪೇಟೆಯ ತರಬೇತಿಯಲ್ಲಿ ಬಿಂದುಶ್ರೀ ಸಿಕ್ಕಾಗ ಕೇಳಿಯೇಬಿಟ್ಟರು:

"ನಿಮ್ ಲ್ಯಾಬ್‌ಗೆ ಒಬ್ರೂ ತಪ್ಪುಸ್ಕಳಲ್ವಲ್ಲ, ಅದೇನ್ ಗುಟ್ಟು ಮೇಡಂ?"

"ಗುಟ್ಟೇನ್ ಬಂತು ಸಾ? ಬಿಸಿಯೂಟಕ್ಕೆ ಮೊಟ್ಟೆ ಕೊಡೋ ದಿನಾನೇ ಲ್ಯಾಬ್ ಇಟ್ಕಂಡಿವ್ನಿ."