ಇಬ್ಬರನ್ನು ಒಬ್ಬರಾಗಿಸಿದ ಬೆಳಗು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ರಕ್ತನಿಧಿಯ ಹಿಂದಿನ ಕಿರುಕೋಣೆಯಲ್ಲಿ ಒಬ್ಬ ಹೆಂಗಸು ಊದಿದ ಕಾಲನ್ನು ಖಾಲಿ ರಟ್ಟಿನ ಡಬ್ಬದ ಮೇಲಿಟ್ಟು ಕೀಬೋರ್ಡ್ ಕುಟ್ಟುತ್ತಿದ್ದಾರೆ. ಎಲ್ಲರೂ ಕರೆಯುವುದು ‘ಹುಡುಕಕ್ಕ’ ಎಂದೇ. ಮೇಲಿನ ಮಹಡಿಯಲ್ಲೊಬ್ಬ ಗರ್ಭಿಣಿಗೆ ಮಧ್ಯಾಹ್ನ ಸಿಸೇರಿಯನ್. ಆಕೆಯದು ಅಪರೂಪದ ಗುಂಪು, ಫ್ರಿಜ್ಜಿನಲ್ಲಿ ಆ ರಕ್ತವಿಲ್ಲ. ಬೇಗ ದಾನಿ ಸಿಗಬೇಕು.

ಆಸ್ಪತ್ರೆಗೆ ಏಳು ಶಾಖೆಗಳು. ದಾನಿಗಳ ವಿವರ ಕಂಪ್ಯೂಟರಿನ ಏಳು ಬೇರೆ ಬೇರೆ ಟೇಬಲ್‌ಗಳಲ್ಲಿದೆ. ಅಂಕಣಗಳೆಲ್ಲ ಒಂದೇ ಥರ: ಹೆಸರು, ವಯಸ್ಸು, ಗುಂಪು, ಕೊನೆಯ ಸಲ ರಕ್ತ ಕೊಟ್ಟ ದಿನ, ಫೋನು. ಎಲ್ಲವನ್ನೂ ಒಂದುಗೂಡಿಸುತ್ತೇವೆಂದು ಮೇಲಿನವರು ಹೇಳುತ್ತಲೇ ಇದ್ದಾರೆ. ಅವರ ಮೀಟಿಂಗ್ ಮುಗಿಯುವ ಲಕ್ಷಣ ಕಾಣುವುದಿಲ್ಲ.

“ಏಳನ್ನೂ ತಂದು ರಾಶಿ ಹಾಕಿ ಆಮೇಲೆ ಹುಡುಕಿದ್ರೆ ಮಷೀನು ಮಲಗಿಬಿಡುತ್ತೆ. ಒಂದೊಂದರಲ್ಲೂ ಮೊದಲೇ ಸೋಸ್ಬೇಕು, ಉಳಿದಷ್ಟನ್ನ ಮಾತ್ರ ಸೇರಿಸ್ಬೇಕು,” ಎನ್ನುತ್ತಾರೆ ಹುಡುಕಕ್ಕ. ಹುಡುಕಿದ್ದು ಬೇಗ ಸಿಗಲೆಂದು ಗುಂಪಿನ ಅಂಕಣಕ್ಕೆ ಪುಸ್ತಕದ ಕೊನೆಯ ಪದಸೂಚಿಯಂಥದ್ದೊಂದನ್ನು ಅವರೇ ಕಟ್ಟಿಟ್ಟಿದ್ದಾರೆ. ಚೀಟಿ ಟೈಪು ಮಾಡಲು ಕೆಲಸಕ್ಕೆ ಸೇರಿದ ಅವರು ಇದನ್ನೆಲ್ಲ ನೋಡಿ ನೋಡಿಯೇ ಕಲಿತದ್ದು.

ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ: ಒಬ್ಬರೇ ದಾನಿ. ಶಾಖೆಗಳ ಪಟ್ಟಿಯಲ್ಲಿ ಆ ಹೆಸರು ಮೊದಲು ಸಿಕ್ಕಲ್ಲಿಂದ ನಂಬರ್ ತೆಗೆದು ಫೋನಾಯಿಸಿದರೆ ಆತನಿಗೆ ಕಾಮಾಲೆ. ಹುಡುಕಕ್ಕ ಹಣೆಗೆ ಕೈ ಹಚ್ಚಿ ಕೂರುತ್ತಾರೆ. ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸುವುದರಲ್ಲೇ ಅವರ ರಾತ್ರಿ ಕಳೆದಿದೆ. ಅವರ ಕೆಲಸ ನೋಡಲೆಂದು ಬಂದು ಪಕ್ಕದಲ್ಲಿ ಕೂತ ನನಗೇ ಸಿಟ್ಟು ಬರುತ್ತದೆ, ಇಷ್ಟು ದೊಡ್ಡ ಕಟ್ಟಡದಲ್ಲಿ ಈ ಕೆಲಸಕ್ಕೆ ಇನ್ನೊಬ್ಬರು ಬೇಡವೇ?

ಮನಸ್ಸು ತಡೆಯದೆ ಅವರು ಒಂದೊಂದು ಶಾಖೆಯನ್ನೂ ಬೇರೆಯಾಗಿ ಕೇಳಿ ನೋಡುತ್ತಾರೆ. ನಾಲ್ಕನೆಯದರಲ್ಲಿ ಒಬ್ಬರು. ಆರನೆಯದರಲ್ಲೂ ಒಬ್ಬರು! ಅದೇ ಹೆಸರು, ಅದೇ ವಯಸ್ಸು, ಒಂದೇ ದಿನ ರಕ್ತ ಕೊಟ್ಟವರು. ಫೋನ್ ನಂಬರ್ ಮಾತ್ರ ಬೇರೆ.

“ಅಯ್ಯೋ, ನನ್ನ ಬುದ್ಧಿಗಿಷ್ಟು!” ಎಂದು ತಲೆ ಚಚ್ಚಿಕೊಳ್ಳುತ್ತಾರೆ. “ಎರಡು ಸಲ ಬಂದಿದ್ದನ್ನ ಒಂದು ಮಾಡು ಅಂತ ಮಷೀನಿಗೆ ಯಾವತ್ತೂ ಹೇಳಲ್ಲ. ಅದಕ್ಕೆ ಟೈಮೂ ಜಾಸ್ತಿ ಹಿಡಿಯುತ್ತೆ, ಮೋಸಾನೂ ಆಗುತ್ತೆ. ಇವತ್ತು ನಿದ್ದೆಗಣ್ಣಲ್ಲಿ ಹೇಳ್ಬಿಟ್ಟೆ, ಫೋನ್ ಅಂಕಣಾನೂ ಕೇಳ್ಲಿಲ್ಲ. ಅದು ಇಬ್ಬರು ಮನುಷ್ಯರನ್ನ ಒಬ್ಬ ಮಾಡ್ಬಿಡ್ತು.”

ಎರಡನೆಯಾತ ಫೋನ್ ಎತ್ತುತ್ತಾನೆ. “ಬಸ್ಸಲ್ಲಿದೀನಿ ಮೇಡಂ. ಇಲ್ಲೇ ಇಳ್ಕೊಂಡು ಬರ್ತೀನಿ,” ಎನ್ನುತ್ತಾನೆ. ಹುಡುಕಕ್ಕನ ಕಣ್ಣು ತುಂಬುತ್ತದೆ.

ಸಂಜೆ ಹೊರಡುವ ಹೊತ್ತಿಗೆ ನರ್ಸ್ ಬಾಗಿಲಲ್ಲಿ ಇಣುಕಿ, “ಅಕ್ಕಾ, ಇಬ್ರೂ ಚೆನ್ನಾಗಿದಾರೆ!” ಎನ್ನುತ್ತಾಳೆ.

ಹುಡುಕಕ್ಕ ಬ್ಯಾಗು ಕೆಳಗಿಟ್ಟು ಅವಳತ್ತ ತಿರುಗುತ್ತಾರೆ.

“ಹಾಗಲ್ಲ ಕಣಮ್ಮಾ. ಬೇರೆ ಬೇರೆಯಾಗಿ ಹೇಳು.”

“ತಾಯಿ ಚೆನ್ನಾಗಿದಾಳೆ. ಮಗೂನೂ ಚೆನ್ನಾಗಿದೆ.”