ಗೆರೆ ಉಂಟಾ ಟೀಚರೇ?

ಐವತ್ತರ ದಶಕದ ಕೊನೆಯಲ್ಲಿ ಮೂಡುಬಿದಿರೆಯ ಶಾಲೆಯೊಂದಕ್ಕೆ ಟೀಚರಾಗಿ ಹೋದಾಗ ನಾನು ಬಾಡಿಗೆಗಿದ್ದದ್ದು ಒಂದು ಜೈನರ ಮನೆಯ ಹೊರಕೋಣೆಯಲ್ಲಿ. ಆ ಮನೆಯಲ್ಲಿ ಯಜಮಾನರ ಸೋದರತ್ತೆ ಇದ್ದರು. ಎರಡೂ ಕಣ್ಣು ಪೂರ್ತಿ ಹೋಗಿತ್ತು. ಮನೆಯವರಂತೆ ನಾನೂ ಅವರನ್ನು ಅತ್ತೆ ಎಂದೇ ಕರೆದೆ.

ಮೊದಲ ದಿನ ಬಸದಿಗೆ ಕರೆದೊಯ್ಯುವಾಗ ಅವರ ಕೈ ಹಿಡಿದು ಬಿರಬಿರನೆ ನಡೆದೆ. ನನ್ನ ಸ್ವಭಾವವೇ ಹಾಗೆ, ಉಪಕಾರ ಮಾಡುವಾಗಲೂ ಅವಸರ. ಅತ್ತೆ ನಿಂತುಬಿಟ್ಟರು.

"ಎಳೀಬೇಡಿ ಮಾರಾಯ್ತಿ, ನಾನೇನು ದನವಾ? ನಿಮ್ಮ ಮೊಣಕೈ ಕೊಡಿ, ನಾನೇ ಹಿಡ್ಕೊಳ್ತೇನೆ."

ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು.

ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಉಳಿದವರಿಗೆ ಗಡಿಯಾರ ಸಾಕು. ಅತ್ತೆಯದು ಹಿರಿಯರಿಂದ ಬಂದ ಕ್ರಮ: ಹಗಲಿನ ಬೆಳಕಿಗೆ ಅಂಗೈಯ ಗೆರೆ ಕಾಣುವವರೆಗೆ ಊಟ, ಗೆರೆ ಮಾಸಿದರೆ ನೀರೂ ಇಲ್ಲ. ಕಣ್ಣಿದ್ದಾಗ ತಾವೇ ನೋಡಿಕೊಳ್ಳುತ್ತಿದ್ದರು. ಈಗ ಕೈ ಚಾಚಿ "ಗೆರೆ ಉಂಟಾ?" ಎಂದು ಕೇಳಬೇಕಿತ್ತು. ಯಜಮಾನರ ಹೆಂಡತಿ ಅಡುಗೆಮನೆಯಿಂದಲೇ "ಉಂಟು ಉಂಟು, ಉಣ್ಣಿ" ಎನ್ನುತ್ತಿದ್ದರು. ಎರಡು ಹಸುಗೂಸುಗಳ ನಡುವೆ ಅವರನ್ನೂ ದೂರುವಂತಿರಲಿಲ್ಲ. ಆದರೆ ನೋಡದೆ ಹೇಳಿದ್ದೆಂದು ಅತ್ತೆಗೆ ದನಿಯಲ್ಲೇ ತಿಳಿಯುತ್ತಿತ್ತು. ಎಷ್ಟೋ ಸಂಜೆ ಉಣ್ಣದೆ ಹಾಗೇ ಏಳುತ್ತಿದ್ದರು.

"ನಾನು ನೋಡ್ತೇನೆ, ಬಿಡಿ" ಎಂದೆ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅದು ನನ್ನ ಕೆಲಸವಾಯಿತು. ಜಗಲಿಯಲ್ಲಿ ಅವರ ಅಂಗೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ಬಗ್ಗಿ ನೋಡುತ್ತಿದ್ದೆ. "ಗೆರೆ ಉಂಟಾ ಟೀಚರೇ?" "ಉಂಟು ಅತ್ತೆ." ಆಮೇಲೆ ಅವರು ನೆಮ್ಮದಿಯಿಂದ ಉಣ್ಣುತ್ತಿದ್ದರು. ಅವರು ಉಣ್ಣುವುದನ್ನು ನೋಡುವುದೇ ನನಗೊಂದು ಸುಖವಾಗಿತ್ತು.

ಆಟಿ ತಿಂಗಳ ಮಳೆಯಲ್ಲಿ ಅತ್ತೆ ಜ್ವರ ಹಿಡಿದು ಮಲಗಿದರು. ಎರಡು ದಿನ ಗಂಜಿಯ ತಿಳಿ ಬಿಟ್ಟರೆ ಏನೂ ಇಳಿದಿರಲಿಲ್ಲ. ಮೂರನೆಯ ಸಂಜೆ ಹಸಿವು ಹುಟ್ಟಿ ತಟ್ಟೆಯ ಮುಂದೆ ಕೂತಿದ್ದರು. ಆ ದಿನವೇ ಶಾಲೆಗೆ ಇನ್ಸ್‌ಪೆಕ್ಟರು ಬಂದು ನನಗೆ ತಡವಾಗಿತ್ತು. ಅಂಗೈ ಹಿಡಿದೆ. ಬೂದುಬಣ್ಣ ಬಿಟ್ಟು ಏನೂ ಕಾಣಲಿಲ್ಲ. ಬತ್ತಿದ ಆ ಮುಖ ನೋಡಿದೆ.

"ಉಂಟು, ಉಣ್ಣಿ" ಎಂದೆ.

ನಾಲ್ಕು ತುತ್ತು ಉಂಡಿರಬೇಕು. ಒಳಗೆ ಬೆಂಕಿಕಡ್ಡಿ ಗೀರಿದ ಸದ್ದಾಯಿತು, ಲಾಟೀನಿನ ಗಾಜು ಕಿಣಿ ಎಂದಿತು. ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು.

"ದೀಪ ಯಾಕೆ ಟೀಚರೇ?"

ಅವರು ಎದ್ದು ಗೋಡೆ ತಡವಿಕೊಂಡು ಹೋಗಿ ಕೈ ತೊಳೆದರು.

ಮರುದಿನ ಪ್ರಾಯಶ್ಚಿತ್ತಕ್ಕೆಂದು ಪೂರ್ತಿ ಉಪವಾಸ ಕೂತರು, ಜ್ವರ ಬಿಟ್ಟ ಮೈಯಲ್ಲಿ. ನಾನು ಹೋಗಿ ಅತ್ತುಬಿಟ್ಟೆ. "ನಿಮ್ಮ ಹೊಟ್ಟೆ ನೋಡಿ ಹೇಳಿದ್ದು ಅತ್ತೆ" ಎಂದೆ.

"ಹೊಟ್ಟೆ ನೋಡ್ಲಿಕ್ಕೆ ಈ ಮನೆಯಲ್ಲಿ ಎಲ್ಲರೂ ಇದ್ದಾರೆ" ಎಂದರು ಅವರು, ಸಿಟ್ಟಿಲ್ಲದೆ. "ಕೈ ನೋಡಿ ಹೇಳ್ತಿದ್ದದ್ದು ನೀವೊಬ್ಬರೇ. ಇನ್ನು ನಾನು ಯಾರ ಹತ್ರ ಕೇಳುವುದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ರಾತ್ರಿ ನನಗೂ ಊಟ ಸೇರಲಿಲ್ಲ.

ಅದರ ಮರುಸಂಜೆ ಮನೆಗೆ ಬಂದವಳು ಜಗಲಿ ಹತ್ತಲು ನಾಚಿ ಅಂಗಳದ ಮೂಲೆಯಲ್ಲಿ ಕೊಡೆ ಹಿಡಿದು ನಿಂತೆ. ಅತ್ತೆ ತಟ್ಟೆಯ ಮುಂದೆ ಕೂತಿದ್ದರು. ಯಜಮಾನರ ಹೆಂಡತಿ ಒಳಗಿನಿಂದ ಎರಡು ಸಲ "ಉಂಟು, ಉಣ್ಣಿ" ಎಂದು ಕೂಗಿದರು. ಅತ್ತೆ ಕದಲಲಿಲ್ಲ. ನನ್ನನ್ನೇ ಕಾಯುತ್ತಿದ್ದಾರೆಂದು ಹೊಳೆದದ್ದೇ ಓಡಿ ಹತ್ತಿದೆ. ಹೆಜ್ಜೆಯ ಸದ್ದಿಗೆ ಅವರು ಕೈ ಚಾಚಿದರು.

"ಗೆರೆ ಉಂಟಾ ಟೀಚರೇ?"

ಅಂಗೈಯನ್ನು ಮುಖಕ್ಕೆ ತಾಗುವಷ್ಟು ಹತ್ತಿರ ತಂದು ನೋಡಿದೆ. ತಿರುಗಿಸಿ ನೋಡಿದೆ. ನಾನು ಅಂಗಳದಲ್ಲಿ ನಿಂತಿದ್ದಷ್ಟು ಹೊತ್ತಿನಲ್ಲಿ ಬೆಳಕು ಹೋಗಿಬಿಟ್ಟಿತ್ತು.

"ಇಲ್ಲ ಅತ್ತೆ. ಕಾಣುವುದಿಲ್ಲ."

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ನನ್ನ ಬೆರಳುಗಳನ್ನು ಮುಚ್ಚಿ ಹಿಡಿದರು.

"ನಾಳೆ ಸ್ವಲ್ಪ ಬೇಗ ಬನ್ನಿ, ಆಯ್ತಾ?" ಎಂದರು.