ಬಾಯಿ ಬರ್ಲಿ, ಆಮ್ಯಾಲೆ ಕಾಲು

ಮಾಮಾ ಹೋದ ಮೇಲೆ ನನಗೆ ಸಂಜೆ ಹೊತ್ತೆಂದರೆ ಅಂಜಿಕೆ. ದನಗಳು ತಿರುಗಿ ಬರುವಾಗ, ಓಣಿಯಲ್ಲಿ ಧೂಳು ಏಳುವಾಗ, ನಮ್ಮ ಮನೆಯ ಕಟ್ಟೆಯಿಂದ ಒಂದು ಕೂಗು ಬರುತ್ತಿತ್ತು. "ಬೇ..." ಅಷ್ಟೇ. ಹೊಲದಿಂದ ಬಂದೆ, ಕಾಲಿಗೆ ನೀರು ತಾ, ಹಸಿವಾಗಿದೆ, ಎಲ್ಲ ಅದರಲ್ಲೇ ಇರುತ್ತಿತ್ತು. ಮೊದಲು ಆಯಿಯನ್ನು ಹಾಗೆ ಕರೆಯುತ್ತಿದ್ದರು. ಆಯಿ ತೀರಿದ ಮೇಲೆ ನನ್ನನ್ನು. ಈಗ ಕರೆಯುವವರಿಲ್ಲ ಎಂದು ಗೊತ್ತಿದ್ದರೂ ಆ ಹೊತ್ತಿಗೆ ಕಿವಿ ಬಾಗಿಲ ಕಡೆಗೇ ಹೋಗುತ್ತದೆ. ಏನೂ ಕೇಳಿಸದಿದ್ದಾಗ ಎದೆಯಲ್ಲಿ ಹಳೆಯ ಒಂದು ಅಂಜಿಕೆ ಏಳುತ್ತದೆ. ಆ ಅಂಜಿಕೆಯ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಾಮಾ ಅಂದರೆ ನನ್ನ ಗಂಡ. ನನ್ನ ತಾಯಿಯ ತಮ್ಮ. ಕುಬಿಹಾಳದ ನನ್ನನ್ನು ತಿರ್ಲಾಪುರದ ಸೋದರಮಾವನಿಗೇ ಕೊಟ್ಟರು. ಹೀಗಾಗಿ ನನ್ನ ತಾಯಿಯ ತಾಯಿಯೇ ನನಗೆ ಅತ್ತೆಯಾದಳು. ಮದುವೆಯ ನಂತರವೂ ನಾನು ಅವರನ್ನು ಮಾಮಾ ಎಂದೇ ಕರೆದೆ, ಅವಳನ್ನು ಆಯಿ ಎಂದೇ ಕರೆದೆ. ಇನ್ನು 'ಬೇ' ಅನ್ನುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸಲುಗೆಯಿಂದ ಹೇಳುವ ಮಾತು. ಬಾ ಬೇ, ಏನ್ ಬೇ, ಯವ್ವಾ ಬೇ. ಊರಿನ ಹೆಂಗಸರ ಮಾತಿನಲ್ಲಿ ಅದು ಎಷ್ಟು ಸಲ ಬರುತ್ತದೆಂದರೆ ಯಾರೂ ಅದನ್ನು ಒಂದು ಶಬ್ದವೆಂದು ಎಣಿಸುವುದೇ ಇಲ್ಲ.

ಆಯಿಗೆ ಮೂವರು ಮಕ್ಕಳು. ನನ್ನ ಅವ್ವ, ಮಾಮಾ, ಕೊನೆಗೆ ಹುಟ್ಟಿದ ಚಿಕ್ಕವ್ವ. ಚಿಕ್ಕವ್ವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಬಾಯಿಯೂ ಬರಲಿಲ್ಲ. ಆದರೆ ವರ್ಷ ತುಂಬುವ ಮೊದಲೇ ನಡೆದಳಂತೆ. ಇಷ್ಟು ಲಗೂ ನಡೆದ ಕೂಸನ್ನೇ ನೋಡಿಲ್ಲ ಎಂದು ಓಣಿಯೆಲ್ಲ ಹೊಗಳಿತಂತೆ. ನಮ್ಮ ಮನೆಯ ಎದುರಿಗೆ ಒಂದು ಹಗೇವು ಇದೆ. ಎರೆ ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಜೋಳ ತುಂಬಿ, ಮೇಲೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಎಳೆಯುವ ಕಣಜ ಅದು. ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ. ಒಂದು ಬೇಸಿಗೆಯಲ್ಲಿ ಗಾಳಿಯಾಡಲೆಂದು ಅದನ್ನು ತೆರೆದಿಟ್ಟಿದ್ದಾಗ ಚಿಕ್ಕವ್ವ ನಡೆದುಕೊಂಡು ಹೋಗಿ ಅದರೊಳಗೆ ಬಿದ್ದಳು. ಊರವರು ಕೆರೆಯಲ್ಲಿ ಹುಡುಕಿದರು, ಬಣವೆಗಳ ಸಂದಿಯಲ್ಲಿ ಹುಡುಕಿದರು. ಮನೆಯ ಎದುರಿಗೇ ಇದ್ದಳು. ಕೂಗಲು ಅವಳಿಗೆ ಬಾಯಿ ಇರಲಿಲ್ಲ.

ಇದನ್ನು ನನಗೆ ಹೇಳಿದ್ದು ಅವ್ವ. ಆಯಿ ಯಾವತ್ತೂ ಹೇಳಲಿಲ್ಲ. ಹೇಳುವ ಬದಲು ನನ್ನ ಮಗಳನ್ನು ನೆಲಕ್ಕೆ ಇಳಿಸದೆ ಎತ್ತಿಕೊಂಡೇ ಇದ್ದಳು.

ಮಗಳು ಹುಟ್ಟಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಬಾಣಂತನ ಮುಗಿಸಿ ತಿರ್ಲಾಪುರಕ್ಕೆ ಬಂದ ದಿನವೇ ಆಯಿ ಕೂಸಿನ ಮುಖದ ಮುಂದೆ ಚಿಟಿಕೆ ಹೊಡೆದು ನೋಡಿದಳು. ಕೂಸು ಕಣ್ಣು ಮಿಟುಕಿಸಿತು. ಚಿಟಿಕೆ ಕೇಳಿ ಮಿಟುಕಿಸಿತೋ, ಬೆರಳು ನೋಡಿ ಮಿಟುಕಿಸಿತೋ ಆಯಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಕೂಸಿನ ಹಿಂದೆ ನಿಂತು ಪಾತ್ರೆ ಬಡಿಯುವುದನ್ನು ಕಲಿತೆವು.

ಓಣಿಯಲ್ಲಿ ಅದೇ ವರ್ಷ ಹುಟ್ಟಿದ ಮಕ್ಕಳು ಗೋಡೆ ಹಿಡಿದು ನಿಂತವು, ಆಮೇಲೆ ಗೋಡೆ ಬಿಟ್ಟು ನಡೆದವು. ನನ್ನ ಮಗಳು ಆಯಿಯ ಬಗಲಿನಲ್ಲೇ ಇದ್ದಳು. ನಾನು ಇಳಿಸಹೋದರೆ ಆಯಿ ಕೈ ಅಡ್ಡ ಹಿಡಿಯುವಳು.

"ಇಳಸಬ್ಯಾಡ. ಬಾಯಿ ಬರ್ಲಿ, ಆಮ್ಯಾಲೆ ಕಾಲು."

"ಆಯಿ, ಇಳಸಲಿಲ್ಲಂದ್ರ ಹ್ಯಾಂಗ ನಡದಾಳು?"

"ನಡಿಯೂದೇನು, ಎಲ್ಲಾರೂ ನಡೀತಾರ. ದನಾನೂ ನಡೀತಾವ. ಕರದ್ರ ಓ ಅನ್ನಬೇಕು."

ಅವಳಿಗೆ ನಾನು ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದೇ ಅಂಜಿಕೆ ಇತ್ತು. ನಮ್ಮ ರಕ್ತ ಒಂದೇ. ಚಿಕ್ಕವ್ವನಲ್ಲಿ ಇದ್ದದ್ದು ನನ್ನಲ್ಲೂ ಮಾಮಾನಲ್ಲೂ ಅಡಗಿ ಕೂತು ಕೂಸಿಗೆ ಇಳಿದಿರಬಹುದು ಎಂಬ ಯೋಚನೆ ರೊಟ್ಟಿ ಬಡಿಯುವಾಗ ಬರುವುದು, ನೀರು ಸೇದುವಾಗ ಬರುವುದು. ಮಾಮಾನ ಮುಂದೆ ಅದನ್ನು ಒಮ್ಮೆಯೂ ಆಡಲಿಲ್ಲ. ಅವರೂ ಆಡಲಿಲ್ಲ. ಒಂದು ಸಲ ಅಣ್ಣಿಗೇರಿಗೆ ಹೋದವರು ಕೂಸಿಗೆ ಕಾಲ್ಗೆಜ್ಜೆ ತಂದರು. ಬೇಕಾದ್ದಕ್ಕಿಂತ ಜಾಸ್ತಿ ಗೆಜ್ಜೆ ಇದ್ದವು ಅದರಲ್ಲಿ. ಬಾಯಿ ಇಲ್ಲದಿದ್ದರೆ ಕಾಲಾದರೂ ಸಪ್ಪಳ ಮಾಡಲಿ ಎಂದು ತಂದಿದ್ದರು.

ನವಲಗುಂದದ ದವಾಖಾನೆಗೆ ನಾನೂ ಆಯಿಯೂ ಕೂಸನ್ನು ಒಯ್ದಾಗ ಅಲ್ಲಿಯ ನರ್ಸಬಾಯಿ ಹಿಂದಿನಿಂದ ಸ್ಟೀಲಿನ ಬಟ್ಟಲು ಬಡಿದಳು. ಕೂಸು ಗಕ್ಕನೆ ತಿರುಗಿ ನೋಡಿತು. ನನಗೆ ಅಳುವೇ ಬಂತು.

"ಕಿವಿ ಚಲೋ ಅದಾವ. ವರ್ಷದ ಆಜೂಬಾಜೂ ನಡೀತಾವ್ರಿ, ಒಂದೊಂದು ಒಂದೂವರಿ ವರ್ಷಕ್ಕ. ಮಾತೂ ಹಂಗ. ಅವ್ವಾ ಅಪ್ಪಾ ಅಂತಾವ, ಎರಡು ವರ್ಷ ಆಗೂದ್ರಾಗ ಎರಡೆರಡು ಶಬ್ದ ಕೂಡಸ್ತಾವ. ಇಕಿ ಏನರ ಅಂತಾಳೇನು?"

"ಏನೂ ಅನ್ನೂದಿಲ್ರಿ" ಅಂದೆ. "ಆಡಿನ ಗತೆ ಒದರ್ತಾಳ, ಅಷ್ಟ."

"ಕೆಳಗ ಬಿಡ್ರಿ ಆಯಿ, ಕೂಸಿನ್ನ. ಬಗಲಾಗ ಇಟಗೊಂಡ್ರ ನಡಿಯೂದು ಹ್ಯಾಂಗ ಕಲೀತದ?"

ಆಯಿ ಸೆರಗು ಸರಿ ಮಾಡಿಕೊಂಡು, ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿದಳು. ಅದೇ ಅವಳ ಉತ್ತರ.

ಆಡಿನ ಮಾತು ಯಾಕೆ ಬಂತೆಂದರೆ, ಮಾತು ಬರಲೆಂದು ಯಾರೋ ಆಡಿನ ಹಾಲು ಕುಡಿಸಲು ಹೇಳಿದ್ದರು. ಹಿತ್ತಿಲಲ್ಲಿ ಒಂದು ಆಡು ಕಟ್ಟಿದ್ದೆವು. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೂ ಆಗಿತ್ತು. ಮಠದ ಗಂಟೆಯಲ್ಲಿ ನೀರು ಹಾಕಿ ತಂದು ಕುಡಿಸಿದ್ದೂ ಆಗಿತ್ತು. ಕೂಸಿನ ಬಾಯಿಂದ ಬರುತ್ತಿದ್ದದ್ದು ಒಂದೇ, "ಬೇ". ಹಿತ್ತಿಲಿನ ಆಡೂ ಅದನ್ನೇ ಅನ್ನುತ್ತಿತ್ತು. ಬಾಜೂಮನೆಯ ಕಾಕಿಗೆ ಇದು ದೊಡ್ಡ ಚೇಷ್ಟೆ.

"ಆಡಿನ ಹಾಲು ಕುಡಸ್ರಿ, ಮಾತ ಆಡತಾಳ ಅಂದಿದ್ರಲ್ಲ? ಆಡಾಕತ್ತಾಳ ನೋಡ್ರಿ, ಅಗದಿ ಆಡ ಆಡಿಧಂಗ!"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಬಂದು, ಕೂಸಿನ ಹಿಂದೆ ನಿಂತು ಇನ್ನೊಮ್ಮೆ ಪಾತ್ರೆ ಬಡಿದು ನೋಡಿದೆ.

ಕೂಸಿಗೆ ಒಂದೂವರೆ ವರ್ಷವಾದ ಆ ಬೇಸಿಗೆಯಲ್ಲಿ ಎದುರುಮನೆಯವರು ಹಗೇವು ತೆರೆದರು. ಚಿಕ್ಕವ್ವ ಸತ್ತ ಮೇಲೆ ಬಹಳ ವರ್ಷ ಅವರು ಅದಕ್ಕೆ ಜೋಳ ತುಂಬಿರಲಿಲ್ಲ. ಹಿಂದಿನ ವರ್ಷ ಜೋಳ ಹುಲುಸಾಗಿ ಬಂದಿತ್ತು, ಬೇರೆ ಜಾಗ ಸಾಲದೆ ತುಂಬಿದ್ದರು. ಮಣ್ಣು ಸರಿಸಿ ಕಲ್ಲು ತೆಗೆಯುವ ಸಪ್ಪಳ ಕೇಳಿದ ಕೂಡಲೇ ಆಯಿ ಎದ್ದು ಹೋಗಿ ತಲಬಾಗಿಲು ಮುಚ್ಚಿ ಅಗಳಿ ಹಾಕಿದಳು. ಆ ದಿನ ಅವಳು ಊಟ ಮಾಡಲಿಲ್ಲ. ಎದುರುಮನೆಯವರು ಗಾಳಿಯಾಡಲೆಂದು ಹಗೇವು ತೆರೆದಿಟ್ಟು, ಬಾಯಿಗೆ ಜಾಲಿ ಮುಳ್ಳು ಹಚ್ಚಿ ಹೋದರು.

ಇಳಿಹೊತ್ತಿನಲ್ಲಿ ಕಾಕಿ ಜರಡಿ ಕೇಳಲು ಬಂದಳು. ಬಾಗಿಲು ತೆರೆದು ಕೊಟ್ಟೆ. ಅವಳು ಹೋಗುವಾಗ ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಹೋದಳು. ಅದೇ ಹೊತ್ತಿಗೆ ಹಿತ್ತಿಲಿನ ಆಡು ಹಗ್ಗ ಬಿಚ್ಚಿಕೊಂಡಿತು. ಆಯಿ ಕೂಸನ್ನು ಪಡಸಾಲೆಯಲ್ಲಿ ಚೀಲದ ಮೇಲೆ ಕೂರಿಸಿ, ಕೈಗೆ ಒಂದು ಚಮಚ ಕೊಟ್ಟು ಆಡಿನ ಹಿಂದೆ ಹೋದಳು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನಡುನಡುವೆ ಗೆಜ್ಜೆ ಕೇಳುತ್ತಿತ್ತು. ಒಂದು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದೆ. ಗೆಜ್ಜೆ ಕೇಳಲಿಲ್ಲ.

ಪಡಸಾಲೆಗೆ ಬಂದೆ. ಚೀಲದ ಮೇಲೆ ಚಮಚ ಇತ್ತು. ತಲಬಾಗಿಲು ಅರ್ಧ ತೆರೆದಿತ್ತು.

ಆಯಿ ಹಿತ್ತಿಲಿಂದ ಬಂದು ನನ್ನ ಮುಖ ನೋಡಿದಳು. ನೆಟ್ಟಗೆ ಹೊರಗೆ ಹೋದಳು. ಕೆರೆಯ ಕಡೆಗಲ್ಲ, ಓಣಿಯ ತುದಿಗಲ್ಲ, ಎದುರಿಗೆ. ಮುಳ್ಳು ಒಂದು ಬದಿಗೆ ಸರಿದಿತ್ತು. ಆಡು ಎಳೆದು ಸರಿಸಿತ್ತೋ, ನಾಯಿಯೋ, ಯಾರಿಗೆ ಗೊತ್ತು.

ನಾನು ಕೂಸನ್ನು ಕರೆಯುತ್ತ ಓಣಿ ಓಡಾಡಿದೆ. "ಯವ್ವಾ! ನನ ಬಂಗಾರಿ! ಎಲ್ಲಿ ಅದೀ?" ಹಾಗೆ ಕರೆಯುವಾಗಲೇ ಗೊತ್ತಿತ್ತು, ಎಷ್ಟು ಕರೆದರೂ ಓ ಅನ್ನುವ ಬಾಯಲ್ಲ ಅದು. ಆ ಅಂಜಿಕೆ ಹೇಗಿತ್ತೆಂದು ಇಷ್ಟು ವರ್ಷದ ಮೇಲೂ ನನಗೆ ಬರೆಯಲು ಬರುವುದಿಲ್ಲ. ನನ್ನ ಕೂಗು ನನಗೇ ತಿರುಗಿ ಬಂದು ಬಡಿಯುತ್ತಿತ್ತು.

ಎದುರುಮನೆಯ ಕಾಕಾ ಕಂದೀಲು ತಂದರು. ಹಗ್ಗ ಕಟ್ಟಿ ಹಗೇವಿನೊಳಗೆ ಬಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ಗೋಡೆಗೆ ಹಚ್ಚಿದ ಒಣಹುಲ್ಲು ಕಂಡಿತು, ಅದರ ಕೆಳಗೆ ಇನ್ನೇನೋ ಕಾಣಬೇಕು ಅನ್ನುವಾಗ ದೀಪ ಸಣ್ಣಗಾಯಿತು. ಆಮೇಲೆ ಆರಿತು.

"ಗಾಳಿ ಇನ್ನೂ ಕೆಟ್ಟದ್ದ ಐತಿ. ಯಾರೂ ಇಳೀಬ್ಯಾಡ್ರಿ."

"ಹಗ್ಗ ಕಟ್ಟಿ ನನ್ನ ಬಿಡ್ರಿ" ಅಂದಳು ಆಯಿ. ಅವಳ ದನಿಯಲ್ಲಿ ಅಳು ಇರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. "ನನ್ನ ಸಣ್ಣ ಮಗಳು ಬಿದ್ದಾಗೂ ಹಿಂಗ ಅಂದಿದ್ರಿ. ಈಗ ನಾ ಕೇಳೂದಿಲ್ಲ."

ಕಾಕಿ ಅವಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. "ಯಕ್ಕಾ, ಬ್ಯಾಡ ಬೇ, ಬ್ಯಾಡ." ನಗಿಸುತ್ತಿದ್ದ ಅದೇ ಬಾಯಿ.

ಆಗ ಮಾಮಾ ಹೊಲದಿಂದ ಬಂದರು. ಎದುರಿಗೆ ಮಂದಿ ಕೂಡಿದ್ದು ನೋಡಿ, ಹಗೇವಿನಿಂದ ಜೋಳ ತೆಗೆಯುತ್ತಿದ್ದಾರೆಂದು ತಿಳಿದರಂತೆ. ನಮ್ಮತ್ತ ನೋಡದೆ, ಎತ್ತು ಕಟ್ಟಿ, ನಮ್ಮ ಕಟ್ಟೆ ಏರಿ, ದಿನದಂತೆ ಮನೆಯೊಳಗೆ ಮುಖ ಮಾಡಿ ಕೂಗಿದರು.

"ಬೇ..."

ಎಲ್ಲರೂ ತಿರುಗಿದೆವು. ಅವರಿಗೆ ಹೇಗೆ ಹೇಳುವುದು ಎಂದು ಯಾರಿಗೂ ಬಾಯಿ ಏಳಲಿಲ್ಲ. ಆ ಸುಮ್ಮನಿದ್ದ ಹೊತ್ತಿನಲ್ಲೇ ಮನೆಯೊಳಗಿಂದ ಬಂತು.

"ಬೇ..."

ಅದೇ ಎಳೆತ, ಅದೇ ಇಳಿತ. ಸಣ್ಣ ದನಿ.

"ಆಡ ಅದು" ಎಂದರು ಯಾರೋ. ಆಡು ಓಣಿಯಲ್ಲಿ, ನಮ್ಮ ಕಣ್ಣ ಮುಂದೆಯೇ, ಕಸ ಮೇಯುತ್ತ ನಿಂತಿತ್ತು.

ಮಾಮಾ ನಗುತ್ತ ಇನ್ನೊಮ್ಮೆ ಕೂಗಿದರು, "ಎಲ್ಲಿ ಬೇ?" ಒಳಗಿಂದ ಮತ್ತೆ, "ಬೇ!" ನಾನು ಹೇಗೆ ಕಟ್ಟೆ ಏರಿದೆನೋ ನೆನಪಿಲ್ಲ. ದನಿ ಬಂದದ್ದು ಹತ್ತಿಯ ಕೋಣೆಯಿಂದ. ಬಿಡಿಸಿದ ಹತ್ತಿಯನ್ನು ಮಾರುವ ತನಕ ಆ ಕೋಣೆಯಲ್ಲಿ ಜಂತಿಯ ತನಕ ಒಟ್ಟುತ್ತಿದ್ದೆವು. ಅದರ ಹೊಸ್ತಿಲು ಮೊಣಕಾಲೆತ್ತರ. ಮಾಮಾ ಸೊಂಟದ ತನಕ ಹತ್ತಿಯಲ್ಲಿ ಹೂತು ಎರಡೂ ಕೈಯಿಂದ ಅಗೆದರು. ಕೂಸು ಮೂಲೆಯಲ್ಲಿ ಎದೆಮಟ್ಟ ಮುಳುಗಿ ನಿಂತಿತ್ತು. ಕೂದಲೆಲ್ಲ ಬೆಳ್ಳಗೆ. ಗೆಜ್ಜೆಗಳ ಬಾಯಿ ತುಂಬ ಅರಳೆ. ಅದಕ್ಕೇ ಕೇಳಿಸಿರಲಿಲ್ಲ.

ನಿಂತಿತ್ತು. ಪಡಸಾಲೆಯಿಂದ ಅಲ್ಲಿಗೆ, ಆ ಹೊಸ್ತಿಲು ದಾಟಿ, ಒಬ್ಬಳೇ ಹೋಗಿದ್ದಳು. ಅವಳ ಮೊದಲ ಹೆಜ್ಜೆಗಳನ್ನು ನಾವು ಯಾರೂ ನೋಡಲಿಲ್ಲ.

ಆಯಿ ಬಾಗಿಲಲ್ಲಿ ನಿಂತಿದ್ದಳು. ದಿನವೂ ಸಂಜೆ ಮಾಮಾ ಕೂಗಿದಾಗ ಕೂಸನ್ನು ಬಗಲಲ್ಲಿಟ್ಟುಕೊಂಡು ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಹೋಗುತ್ತಿದ್ದವಳು ಅವಳೇ. ಕೂಸು ಕೇಳುತ್ತ ಕೇಳುತ್ತ ಕಲಿತದ್ದು ಅದನ್ನೇ. ಎಷ್ಟೋ ದಿನದಿಂದ ಅವಳ ಕಿವಿಯ ಹತ್ತಿರವೇ ಬಾಯಿ ಇಟ್ಟು ಅವಳನ್ನೇ ಕರೆಯುತ್ತಿತ್ತು. ನಾವು ಆಡಿನ ದನಿ ಅಂದುಕೊಂಡಿದ್ದೆವು.

"ಇನ್ನೊಮ್ಮಿ ಅನ್ನ ಬೇ" ಅಂದಳು ಆಯಿ, ಕೂಸಿಗೆ. ಕೂಸು ಬಾಯೊಳಗಿನ ಹತ್ತಿ ಉಗುಳುತ್ತಿತ್ತು, ಏನೂ ಅನ್ನಲಿಲ್ಲ. ಆಯಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ಅಂಗಳ ಗುಡಿಸಿ ಬಂದು, "ಇಳಸ ಅಕಿನ್ನ" ಅಂದಳು. ನಮ್ಮಲ್ಲಿ ಕೂಸು ಹೊಸ್ತಿಲು ದಾಟಿದರೆ ಓಣಿಗೆ ಸಕ್ಕರೆ ಹಂಚುತ್ತಾರೆ. ಕಾಕಿ ಕೈಯೊಡ್ಡುತ್ತಲೇ ಕೇಳಿದಳು.

"ಯಾವದಕ್ಕ ಬೇ ಯಕ್ಕಾ ಈ ಸಕ್ರಿ? ಕಾಲಿಗೋ, ಬಾಯಿಗೋ?"

"ಕಾಲಿಂದು ಇವತ್ತ ತಿನ್ನ. ಬಾಯಿದು ನಾಳಿ ಕೊಡತೀನಿ. ನಿನ್ನ ಬಾಯಿ ಎಲ್ಲಿ ಹೋಗತೈತಿ!"

ಎದುರುಮನೆಯವರು ಅಷ್ಟರಲ್ಲಿ ಹಗೇವಿನ ಕಲ್ಲು ಮುಚ್ಚಿದ್ದರು. ಉಳಿದ ಒಂದು ಚಿಟಿಕೆ ಸಕ್ಕರೆಯನ್ನು ಆಯಿ ಆ ಕಲ್ಲಿನ ಮೇಲೆ ಇಟ್ಟು ಬಂದಳು.

ಅಂಜಿಕೆ ಮಾತ್ರ ನನ್ನನ್ನು ಬಿಡಲಿಲ್ಲ. ಮಗಳು ಮಾತು ಕಲಿತಳು, ಎರಡೆರಡು ಶಬ್ದ ಕೂಡಿಸಿದಳು, ಈಗ ಶಾಲೆಯಲ್ಲಿ ದಿನವಿಡೀ ಮಾತಾಡಿ ಸಂಬಳ ತರುತ್ತಾಳೆ. ಆದರೂ ಕರೆದ ಕೂಡಲೇ ಅವಳು ಓ ಅನ್ನದಿದ್ದರೆ ಕೈಯ ಕೆಲಸ ಬಿಟ್ಟು ಅವಳನ್ನು ಹುಡುಕಲು ಏಳುತ್ತಿದ್ದೆ. ಸಂಜೆ ಮಾಮಾನ ಕೂಗು ಬಂದರೆ ಮಾತ್ರ ಎಲ್ಲರೂ ಇದ್ದಾರೆ ಅನಿಸುತ್ತಿತ್ತು.

ಮಾಮಾನನ್ನು ಮಣ್ಣು ಮಾಡಿ ಬಂದ ಮೇಲೆ ಮಗಳು ಕೆಲವು ದಿನ ನನ್ನೊಂದಿಗೆ ಉಳಿದಳು. ಒಂದು ಸಂಜೆ ಹೊಲ ನೋಡಿ ಬರುತ್ತೇನೆಂದು ಹೋಗಿದ್ದಳು. ನಾನು ಒಲೆಯ ಮುಂದೆ ಇದ್ದೆ. ದನ ಬಂದವು, ಧೂಳು ಎದ್ದು ಇಳಿಯಿತು, ಕತ್ತಲಾಗುತ್ತ ಬಂತು. ಅವಳು ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದರೂ ನಾನು ಏಳಲಿಲ್ಲ. ಎದ್ದು ಬಾಗಿಲಿಗೆ ಹೋದರೆ ಅಲ್ಲಿ ಏನೂ ಇರುವುದಿಲ್ಲವೇನೋ ಎಂದು ಅಂಜಿಕೆ.

ಆಗ ಕಟ್ಟೆಯಿಂದ ಬಂತು. "ಬೇ..."

ಅದೇ ಎಳೆತ, ಅದೇ ಇಳಿತ. ಓ ಅನ್ನಬೇಕಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಅವಳು ಇನ್ನೊಮ್ಮೆ ಕೂಗಿದಳು, ಈ ಸಲ ದನಿಯಲ್ಲಿ ಸ್ವಲ್ಪ ಗಾಬರಿ ಇತ್ತು, "ಯವ್ವಾ, ಎಲ್ಲಿ ಅದೀ ಬೇ?" ನಾನು ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಾಗಿಲ ಕಡೆಗೆ ನಡೆದೆ. ನಡೆಯುತ್ತಿರುವಾಗ ನನ್ನ ದನಿ ಬಂತು.

"ಬಂದೆ ಬೇ."